ಮೊರದಿಂದ ಎತ್ತಿಕೊಂಡ ಕೂಸು

ಅಬ್ಬಿಗೆರೆಯ ಅಂಜಿನಮ್ಮನನ್ನು ನಾನು ಮೊದಲ ಸಲ ನೋಡಿದಾಗ ಅವಳು ನನ್ನ ಮಗನನ್ನು ತಲೆಕೆಳಗಾಗಿ ಹಿಡಿದು ತೂಗಾಡಿಸುತ್ತಿದ್ದಳು. ಅದೂ ಒಂದೇ ಕೈಯಲ್ಲಿ. ಎರಡೂ ಪಾದ ಜೋಡಿಸಿ ಹಿಡಿದು, ಬಾವಿಯಿಂದ ಕೊಡ ಎತ್ತಿದ ಹಾಗೆ ಎತ್ತಿ, ಆ ಕಡೆಗೊಂದು ಸಲ ಈ ಕಡೆಗೊಂದು ಸಲ ಬೀಸುತ್ತಿದ್ದಳು. ನಾನು ಹಸಿ ಬಾಣಂತಿ. ಕಿವಿಗೆ ಹತ್ತಿ ಇಟ್ಟುಕೊಂಡು, ತಲೆಗೆ ಬಟ್ಟೆ ಬಿಗಿದುಕೊಂಡು ಮಲಗಿದ್ದವಳು ಸುಮ್ಮನೆ ಬಚ್ಚಲ ಬಾಗಿಲಿಗೆ ಬಂದು ಇಣುಕಿದೆ. ನಾನು ಕಿರುಚಿದ ರಭಸಕ್ಕೆ ಕೆಳಗಿನ ಮನೆಯವರೆಲ್ಲ ಮೆಟ್ಟಿಲು ಹತ್ತಿ ಬಂದರು.

"ಯವ್ವಾ! ಕೂಸಿನ್ನ ಬಿಡ್ರೀ! ಕೊಲ್ಲಾಕತ್ತೀರೇನು?"

ಅಂಜಿನಮ್ಮ ತಿರುಗಿ ಕೂಡ ನೋಡಲಿಲ್ಲ. "ಮಕ್ಳು ಬೆಚ್ಚಿಬೀಳ್ಬಾರ್ದು ಅಂತ ಇಂಗೆ ಮಾಡೋದು ಕಣವ್ವ. ನಿನ್ ಗಂಡನ್ನೂ ಯಾರೋ ಇಂಗೇ ತೂಗವ್ರೆ. ಇಲ್ದಿದ್ರೆ ಆ ಎತ್ರಕ್ಕೆ ಬೆಳೀತಿದ್ನಾ?" ಎಂದಳು. ಆಮೇಲೆ ನನ್ನ ಮಗ ಅಜ್ಜುವಿನ ಎರಡೂ ಕಿವಿಗೆ ಉಫ್ ಉಫ್ ಎಂದು ಊದಿ, ಟವೆಲಿನಲ್ಲಿ ಸುತ್ತಿ ನನ್ನ ಕೈಗಿಟ್ಟಳು. ಅವನು ಅಂದು ಸಂಜೆಯವರೆಗೆ ಕಣ್ಣು ಬಿಡದೆ ನಿದ್ದೆ ಮಾಡಿದ. ನಾನು ಬಾಯಿ ಮುಚ್ಚಿಕೊಂಡೆ. ನನ್ನ ಬಾಯಿ ಮುಚ್ಚಿಸುವುದು ಸಾಮಾನ್ಯರಿಂದ ಆಗುವ ಕೆಲಸವಲ್ಲ, ಬೇಕಾದರೆ ನನ್ನ ಗಂಡ ಸೋಮನಾಥನನ್ನು ಕೇಳಿ.

ನಾವು ಇಂಡಿ ಕಡೆಯವರು. ಅವನಿಗೆ ಪೀಣ್ಯದ ಫ್ಯಾಕ್ಟರಿಯಲ್ಲಿ ಕೆಲಸ, ನನಗೆ ಸೋಲದೇವನಹಳ್ಳಿಯ ಒಂದು ಕಾಲೇಜಿನ ಆಫೀಸಿನಲ್ಲಿ. ಅಬ್ಬಿಗೆರೆಯಲ್ಲಿ ವರಲಕ್ಷ್ಮಮ್ಮನವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೇವೆ. ನಮ್ಮವ್ವ ಬಾಣಂತನಕ್ಕೆ ಬರಲು ಆಗದೆ ಹೋದಾಗ ವರಲಕ್ಷ್ಮಮ್ಮನೇ ಅಂಜಿನಮ್ಮನನ್ನು ಗೊತ್ತುಮಾಡಿ ಕಳಿಸಿದ್ದು. "ನಮ್ಮೂರಲ್ಲಿ ಅವಳ ಕಾಲ ಮೇಲೆ ಮಲಗದೆ ಇರೋ ಮಗು ಇಲ್ಲ ಕಣಮ್ಮ" ಎಂದಿದ್ದರು.

ಅದು ಉತ್ಪ್ರೇಕ್ಷೆಯಲ್ಲ. ಅಬ್ಬಿಗೆರೆ ಇನ್ನೂ ರಾಗಿ ಹೊಲಗಳ ಹಳ್ಳಿಯಾಗಿದ್ದಾಗ ಅಂಜಿನಮ್ಮ ಸೊಸೆಯಾಗಿ ಇಲ್ಲಿಗೆ ಬಂದಳು. ಮಕ್ಕಳಿಗೆ ಎಣ್ಣೆ ತಿಕ್ಕಿ ನೀರೆರೆಯುವುದು ಅವಳ ಅತ್ತೆ ಗೋಪಾಲಮ್ಮನ ಕೆಲಸ. ಆ ಮುದುಕಿ ಸೊಸೆಗೆ ಮೊದಲು ಕರುಗಳ ಮೈ ತಿಕ್ಕಿಸಿ ಕೈ ಪಳಗಿಸಿ, ಆಮೇಲೆಯೇ ಮನುಷ್ಯರ ಮಗುವನ್ನು ಮುಟ್ಟಲು ಬಿಟ್ಟಳಂತೆ. ಹೊಲಗಳೆಲ್ಲ ಸೈಟುಗಳಾದವು, ಅಂಜಿನಮ್ಮನ ಗಂಡ ಮುನಿಯಣ್ಣ ಅದೇ ಹೊಲದ ಮೇಲೆ ಎದ್ದ ಅಪಾರ್ಟ್‌ಮೆಂಟಿಗೆ ವಾಚ್‌ಮನ್ ಆದ. ಅಂಜಿನಮ್ಮನ ಕೆಲಸ ಮಾತ್ರ ಬದಲಾಗಲಿಲ್ಲ. ಬೆಳಗಾದರೆ ಬಾಯಿಗೆ ಎಲೆಅಡಿಕೆ ಹಾಕಿಕೊಂಡು ಮನೆಮನೆಗೆ ಹೊರಡುವಳು. ಬಚ್ಚಲಲ್ಲಿ ಮಣೆ ಹಾಕಿ, ಎರಡೂ ಕಾಲು ಚಾಚಿ, ಮಗುವನ್ನು ಕಾಲ ಮೇಲೆ ಬೋರಲು ಹಾಕಿ ತಿಕ್ಕಲು ಕೂತರೆ ಅರಮನೆಯವರ ಮಗುವಾದರೂ ಅಷ್ಟೆ, ಅವಳು ಹೇಳಿದ ಹಾಗೆ ಕೇಳಬೇಕು. ತಲೆ ಗುಂಡಗಾಗಲಿ ಎಂದು ಒತ್ತುವಳು, ಮೂಗು ನೀಳವಾಗಲಿ ಎಂದು ಎಳೆಯುವಳು. ದಾರಿಯಲ್ಲಿ ಸಿಕ್ಕ ಆಟೋದವನನ್ನು ನಿಲ್ಲಿಸಿ, "ಏ ನಿನ್ ಮೂಗು ನಾನ್ ಎಳ್ದಿದ್ದು ಕಣೋ, ಸಲ್ಪ ಸೊಟ್ಟಗೆ ಓಗದೆ" ಎಂದು ಎಲ್ಲರ ಮುಂದೆ ಮಾನ ಕಳೆಯುವಳು. ವಿನಯ ಗಿನಯ ಅವಳ ಹತ್ತಿರ ಸುಳಿದದ್ದಿಲ್ಲ.

ಅಜ್ಜು ದೊಡ್ಡವನಾದ ಮೇಲೆ ಒಂದು ದಿನ, ಇಂಥವಳ ಕೈಯಲ್ಲಿ ಏಳನೇ ತಿಂಗಳಿಗೇ ಹುಟ್ಟಿದ ಕೂಸನ್ನು ಕೊಡುತ್ತಾರೆ ಎಂದು ಕೇಳಿದಾಗ ನಾನು ಮತ್ತೆ ಕಿರುಚುವುದೊಂದು ಬಾಕಿ.

ಕೂಸು ವರಲಕ್ಷ್ಮಮ್ಮನವರ ಮೊಮ್ಮಗಳು. ಮಗ ಶಿವರಾಮ್ ಏರ್‌ಪೋರ್ಟಿಗೆ ಕ್ಯಾಬ್ ಓಡಿಸುತ್ತಾನೆ, ಸೊಸೆ ಪದ್ಮಶ್ರೀ. ಆ ಹುಡುಗಿಗೆ ಮೊದಲು ಎರಡು ಸಲ ಬಸಿರು ನಿಂತು ಕಳೆದುಹೋಗಿತ್ತು. ಮೂರನೆಯದು ಉಳಿಯಿತು, ಆದರೆ ಕಾಯಲಿಲ್ಲ. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ನಾನು ಅದನ್ನು ನೋಡಿದೆ. ಅದರ ತೊಡೆ ನನ್ನ ಹೆಬ್ಬೆರಳಿನಷ್ಟಿತ್ತು. ಚರ್ಮದ ಒಳಗೆ ನರಗಳು ಕಾಣುತ್ತಿದ್ದವು. ಶಿವಶಿವಾ, ಇಷ್ಟೇ ಇಷ್ಟು ಮೈಯಲ್ಲಿ ಜೀವ ಎಲ್ಲಿ ಕೂತಿದೆ ಎಂದು ನನಗೆ ಅಳು ಬಂತು.

ಕೂಸು ಪೆಟ್ಟಿಗೆಯಿಂದ ಹೊರಗೆ ಬಂದು, ನಳಿಗೆಗಳೆಲ್ಲ ಕಳಚಿದ ಮೇಲೆ ಅಲ್ಲಿನ ಸಿಸ್ಟರ್ ಪದ್ಮಶ್ರೀಗೆ ಮಸಾಜ್ ಕಲಿಸಲು ಶುರುಮಾಡಿದರು. ಅವಧಿಗೆ ಮೊದಲು ಹುಟ್ಟಿದ ಮಕ್ಕಳಿಗೆ ಮೆಲ್ಲಗೆ, ಸರಿಯಾದ ಕ್ರಮದಲ್ಲಿ ಮೈ ಸವರಿದರೆ ಹಾಲು ಮೈಗೆ ಹತ್ತುತ್ತದಂತೆ, ನಿದ್ದೆ ಬರುತ್ತದಂತೆ. ಆದರೆ ಪದ್ಮಶ್ರೀಯ ಕೈ ಕೂಸಿನ ಹತ್ತಿರ ಹೋದರೆ ಸಾಕು, ಗಡಗಡ ನಡುಗುತ್ತಿತ್ತು. "ನನ್ನಿಂದ ಆಗಲ್ಲ ಸಿಸ್ಟರ್. ನಾನು ಮುಟ್ಟಿದ್ದು ಯಾವುದೂ ಉಳಿದಿಲ್ಲ" ಎಂದು ಅತ್ತಳು. ಮನೆಯಲ್ಲಿ ಬೇರೆ ಯಾರಾದರೂ ಇದ್ದಾರಾ ಎಂದು ಸಿಸ್ಟರ್ ಕೇಳಿದರು. ವರಲಕ್ಷ್ಮಮ್ಮ ಹೆಮ್ಮೆಯಿಂದ ಅಂಜಿನಮ್ಮನನ್ನು ಕರೆತಂದರು. ನೀರೆರೆಯುವವಳು ಎಂದು ಕೇಳಿದ್ದೇ ಸಿಸ್ಟರ್ ಮುಖ ಬಿಳುಚಿಕೊಂಡಿತು.

"ನೋಡಿ ಅಮ್ಮ, ಇಲ್ಲಿ ಎಳೆಯೋದು, ಒತ್ತೋದು, ತಲೆಕೆಳಗೆ ಮಾಡೋದು ಏನೂ ನಡೆಯಲ್ಲ. ನಾನು ಹೇಳಿದಷ್ಟೇ ಮಾಡಬೇಕು. ಮೊದಲು ಬಳೆ ತೆಗೆದು, ಮೊಣಕೈವರೆಗೆ ಸೋಪು ಹಾಕಿ ತೊಳ್ಕೊಂಡು ಬನ್ನಿ."

ಬಳೆ ತೆಗೆಯಬೇಕು! ವರಲಕ್ಷ್ಮಮ್ಮ ಕೆನ್ನೆಗೆ ಕೈ ಹಚ್ಚಿದರು. ಗಂಡ ಗುಂಡುಕಲ್ಲಿನ ಹಾಗೆ ಇರುವಾಗ ಮುತ್ತೈದೆ ಗಾಜಿನ ಬಳೆ ಕಳಚುವುದೆಂದರೇನು? ಅಂಜಿನಮ್ಮನ ಬಾಯಿಂದ ಈಗ ಸಿಸ್ಟರ್‌ಗೆ ಸಹಸ್ರನಾಮ ಆಗುತ್ತದೆ ಎಂದು ನಾನು ಕಾಯುತ್ತಾ ನಿಂತೆ. ಅವಳು ಗಾಜಿನಾಚೆ ಇದ್ದ ಕೂಸನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನಲ್ಲಿಯ ಹತ್ತಿರ ಹೋಗಿ, ಕೈಗೆ ಸೋಪು ಬಳಿದುಕೊಂಡು, ಹಸಿರು ಬಳೆಗಳನ್ನು ಒಂದೊಂದಾಗಿ ಜಾರಿಸಿ ನನ್ನ ಕೈಗೆ ಕೊಟ್ಟಳು. ಅಂದು ಸಂಜೆ ಮುನಿಯಣ್ಣ ಅವಳ ಬೋಳು ಕೈ ನೋಡಿ, "ನಾನಿನ್ನೂ ಬದ್ಕಿವ್ನಿ ಕಣಮ್ಮಿ" ಎಂದನಂತೆ. "ಬದ್ಕಿರು, ಬ್ಯಾಡ ಅಂದೋರ್ಯಾರು" ಎಂದು ಇವಳು ಮುದ್ದೆ ತಿರುವಲು ಹೋದಳಂತೆ.

ಕಲಿಯಲು ಕೂತಾಗ ಮಾತ್ರ ಬಾಯಿ ಸುಮ್ಮನಿರಲಿಲ್ಲ. ಸಿಸ್ಟರ್ ಎರಡು ಹನಿ ಎಣ್ಣೆಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಂಡು, ತಲೆಯಿಂದ ಕತ್ತಿಗೆ, ಭುಜದಿಂದ ಬೆನ್ನಿಗೆ, ನಿಧಾನವಾಗಿ ಅಂಗೈ ಇಳಿಸಿ ತೋರಿಸಿದರು. "ಇದೇನ್ ತಿಕ್ಕೋದಾ ತಾಯಿ? ಬೆಕ್ಕಿಗೆ ಸವರ್ದಂಗೈತೆ" ಎಂದಳು ಅಂಜಿನಮ್ಮ. ಸಿಸ್ಟರೂ ಬಿಡಲಿಲ್ಲ. "ಮಗು ಬಣ್ಣ ಬದಲಾದರೆ, ಬಿಕ್ಕಳಿಸಿದರೆ, ಬೆರಳು ಚಾಚಿ ಬೇಡ ಅಂದರೆ ತಕ್ಷಣ ನಿಲ್ಲಿಸಬೇಕು. ಈ ಮಕ್ಕಳು ಒಮ್ಮೊಮ್ಮೆ ಉಸಿರಾಡೋದನ್ನೇ ಮರೀತವೆ. ಆಗ ಬೆನ್ನು ಉಜ್ಜಿ, ಅಂಗಾಲು ತಟ್ಟಿ ಎಚ್ಚರಿಸಬೇಕು, ಕೂಡಲೇ ಕರ್ಕೊಂಡು ಬರಬೇಕು. ತೂಕ ಬರೋವರೆಗೆ ನೀರು ಮುಟ್ಟಿಸಬೇಡಿ, ಹೊಗೆ ಹಾಕಬೇಡಿ." ಉಸಿರಾಡುವುದನ್ನೇ ಮರೆಯುತ್ತವೆ ಎನ್ನುವ ಮಾತಿಗೆ ಅಂಜಿನಮ್ಮನ ಎಲೆಅಡಿಕೆಯ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು.

ಕೂಸು ಮನೆಗೆ ಬಂದ ಮೇಲೆ ಅಂಜಿನಮ್ಮ ಹೊತ್ತು ಹೊತ್ತಿಗೆ ಬಂದು ಸವರಿ ಹೋಗುತ್ತಿದ್ದಳು. ಬರುವಾಗ ಬೇರೆ ಮನೆಗಳ ಮಕ್ಕಳನ್ನು ಎಂದಿನ ಹಾಗೇ ಎಳೆದು ತೂಗಿ ಬರುವಳು, ಇಲ್ಲಿ ಕೂತರೆ ಬೇರೆಯದೇ ಹೆಂಗಸು. ಕೂಸು ಮೈಮುರಿದು ತುಟಿ ಚಪ್ಪರಿಸಿದರೆ, "ಏನೇ ಇಲಿಮರಿ, ಸುಖವಾ?" ಎಂದು ಕೇಳುವಳು. ಪಕ್ಕದಲ್ಲಿ ಕೂತ ಪದ್ಮಶ್ರೀಗೆ, "ನೀನೂ ಕೈ ಇಡು ಬಾ" ಎಂದು ದಿನಾ ಕರೆಯುವಳು. ಪದ್ಮಶ್ರೀ ದಿನಾ ತಲೆ ಅಲ್ಲಾಡಿಸುವಳು. ಹಾಲು ಹಿಂಡಿ ಕೊಡುವಳು, ಬಟ್ಟೆ ಒಗೆಯುವಳು, ಕೂಸಿನ ಮೈಗೆ ಮಾತ್ರ ಕೈ ಹಚ್ಚಳು.

ವರಲಕ್ಷ್ಮಮ್ಮ ಕೆಟ್ಟವರಲ್ಲ, ಇದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಮೊಮ್ಮಗಳಿಗಾಗಿ ಅವರು ಹೊರದ ಹರಕೆಯಿಲ್ಲ. ಆದರೆ ಭಯ ಹತ್ತಿದ ಮನಸ್ಸು ಒಂದು ಕಡೆ ನಿಲ್ಲುವುದಿಲ್ಲವಲ್ಲ. ಮೊದಲಿನೆರಡು ಹೋದ ಮನೆಯಲ್ಲಿ ಮೂರನೆಯದು ನಿಲ್ಲಬೇಕಾದರೆ ಮೊರದಲ್ಲಿ ಹಾಕಿ ಮಾರಬೇಕು ಎಂದು ಯಾರೋ ನೆನಪಿಸಿದರು. ಶಾಸ್ತ್ರ ಇಷ್ಟೇ: ಕೂಸನ್ನು ಮೊರದಲ್ಲಿ ಮಲಗಿಸಿ ಹೊಸಿಲಿನಾಚೆ ಇಡುವುದು. ಹೊರಗಿನವಳೊಬ್ಬಳು ಬೊಗಸೆ ತವುಡು ಕೊಟ್ಟು, "ಈ ಕೂಸು ನಂದು" ಎಂದು ಎತ್ತಿಕೊಳ್ಳುವುದು. ಆಮೇಲೆ ತಾಯಿಯ ಮಡಿಲಿಗೆ ಹಾಕಿ, "ನನ್ನ ಕೂಸನ್ನ ನೀನು ಸಾಕಿಕೊಡು" ಎನ್ನುವುದು. ಹಿಂದಿನವನ್ನು ಕೊಂಡೊಯ್ದ ಕೆಟ್ಟ ಕಣ್ಣು, ಇದು ಬೇರೆ ಮನೆಯ ಕೂಸು ಎಂದು ಮೋಸ ಹೋಗಿ ಬಿಟ್ಟುಬಿಡುತ್ತದಂತೆ. ಕೊಳ್ಳುವವಳು ಅಂಜಿನಮ್ಮ ಎಂದು ನಿಶ್ಚಯವಾಯಿತು.

ಅಂದು ಶುಕ್ರವಾರ. ನಾನು ತಡವಾಗಿ ಬರುತ್ತೇನೆಂದು ಆಫೀಸಿಗೆ ಫೋನು ಮಾಡಿ, ಸ್ಕೂಟರ್ ಕೀ ಕೈಯಲ್ಲಿ ಹಿಡಿದೇ ಕೆಳಗೆ ನಿಂತಿದ್ದೆ. ರಾಹುಕಾಲಕ್ಕೆ ಮೊದಲು ಮುಗಿಯಲಿ ಎಂದು ವರಲಕ್ಷ್ಮಮ್ಮ ಎಲ್ಲರಿಗೂ ಅವಸರ ಮಾಡುತ್ತಿದ್ದರು. ಹೊಸಿಲಿನಾಚೆ, ಬೀದಿಯಂಚಿನಲ್ಲಿ, ಅರಿಸಿನ ಬಳಿದ ಮೊರದಲ್ಲಿ, ಹಳೇ ಸೀರೆಯ ಮೇಲೆ, ಹೊಸ ಅಂಗಿ ತೊಟ್ಟ ಕೂಸು ಕಣ್ಣು ಮುಚ್ಚಿ ಮಲಗಿತ್ತು. ಅಂಜಿನಮ್ಮ ತವುಡು ಸುರಿದಳು. ಅಕ್ಕಪಕ್ಕದವರಿಗೆಲ್ಲ ಕೇಳುವ ಹಾಗೆ, "ಈ ಕೂಸು ನಂದು" ಎಂದಳು. ಬಗ್ಗಿ ಎರಡೂ ಕೈಯಿಂದ ಎತ್ತಿಕೊಂಡಳು.

ಎತ್ತಿಕೊಂಡವಳು ತಾಯಿಯ ಕಡೆ ತಿರುಗಲಿಲ್ಲ. ಅಂಗಾಲು ಹಿಡಿದು ನೋಡಿದಳು. ಅಂಗಿಯೊಳಗೆ ಕೈ ಹಾಕಿ ಬೆನ್ನು ಮುಟ್ಟಿದಳು.

"ನೀರ್ ಉಯ್ದ್ರಾ?"

"ತಲೆ ಸ್ನಾನ ಇಲ್ದೆ ಶಾಸ್ತ್ರ ಹೆಂಗೆ ಮಾಡೋದು?" ಎಂದರು ವರಲಕ್ಷ್ಮಮ್ಮ. "ನೀನು ಹಾಕಲ್ಲ ಅಂದ್ಯಲ್ಲ, ನಾನೇ ಹಾಕ್ದೆ. ಬಿಸಿ ನೀರೇ ಕಣೆ. ಆಮೇಲೆ ಒಂಚೂರು ಸಾಂಬ್ರಾಣಿ ಹೊಗೆ. ಸುಸ್ತಾಗಿ ಮಲಗಿದೆ ಪಾಪ."

"ಇದು ಮಲ್ಗಿಲ್ಲ" ಎಂದಳು ಅಂಜಿನಮ್ಮ. "ತಣ್ಗೆ ಕೊರೀತಾ ಅದೆ. ತುಟಿ ನೋಡು. ಆಸ್ಪತ್ರೆಗೆ ಓಗಣ ನಡಿ."

ನಾನು ನೋಡಿದೆ. ತುಟಿಯ ಸುತ್ತ ಬೂದಿ ಬಣ್ಣ. ಎದುರಿಗಿದ್ದ ಪದ್ಮಶ್ರೀ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಗೋಡೆಗೆ ಒರಗಿದಳು.

ವರಲಕ್ಷ್ಮಮ್ಮನಿಗೂ ಗಾಬರಿಯಾಗಿತ್ತು, ಆದರೆ ಅವರ ಗಾಬರಿ ಬೇರೆ ದಾರಿ ಹಿಡಿಯಿತು. "ಶಾಸ್ತ್ರ ಅರ್ಧಕ್ಕೆ ಬಿಡಬೇಡ ಕಣೆ! ಅರ್ಧಕ್ಕೆ ಬಿಟ್ರೆ ಉಳಿಯಲ್ಲ! ಮೊದ್ಲು ಆ ಮಾತು ಹೇಳು, ಪದ್ದು ಮಡಿಲಿಗೆ ಹಾಕು. ಈಗ ರಾಹುಕಾಲ ಹಿಡೀತು, ಇಂಥ ಹೊತ್ತಲ್ಲಿ ಮಗೂನ ರಸ್ತೆಗೆ ತರ್ತಾರಾ? ಕಂಬಳಿ ಹೊದಿಸಿ ಮಲಗ್ಸು, ಕಳೀಲಿ, ಶಿವರಾಮ್ ಬರ್ತಾನೆ, ಹೋಗೋಣ." ಅಂಜಿನಮ್ಮನ ಕೈಯಿಂದ ಕೂಸನ್ನು ಕಿತ್ತುಕೊಳ್ಳಲು ಮುಂದೆ ಬಂದರು.

ಅಂಜಿನಮ್ಮ ಒಂದು ಹೆಜ್ಜೆ ಹಿಂದೆ ಸರಿದಳು. "ಈಗ ಏನ್ ಯೋಳ್ದೆ ನಾನು? ಈ ಕೂಸು ನಂದು ಅಂದೆ. ತವುಡು ಇಸ್ಕೊಂಡೆ ನೀನು. ನಂದಾದ್ಮೇಲೆ ನಿನ್ ಅಪ್ಪಣೆ ಯಾತಕ್ಕೆ?"

ಆಮೇಲೆ ಅವಳು ಮಾಡಿದ್ದನ್ನು ನೆನೆದರೆ ಇವತ್ತಿಗೂ ನನಗೆ ಮೈ ಜುಮ್ಮೆನ್ನುತ್ತದೆ. ಆ ನಡುಬೀದಿಯಲ್ಲಿ, ಗಂಡಸರು ಮಕ್ಕಳು ಎಲ್ಲ ನೋಡುತ್ತಿರುವಾಗ, ಕುಪ್ಪಸದ ಗುಂಡಿ ಬಿಚ್ಚಿದಳು. ಕೂಸಿನ ಹೊಸ ಅಂಗಿ ಕಿತ್ತು ಎಸೆದು, ಬರಿಮೈ ಕೂಸನ್ನು ತನ್ನ ಬರಿ ಎದೆಗೆ ಒತ್ತಿಕೊಂಡು, ಮೇಲೆ ಸೆರಗು ಸುತ್ತಿಕೊಂಡಳು. ಆಸ್ಪತ್ರೆಯಲ್ಲಿ ತಾಯಂದಿರು ಹಾಗೆ ಕೂತಿದ್ದನ್ನು ಅವಳು ನೋಡಿದ್ದಳು, ನಾನೂ ನೋಡಿದ್ದೆ. ಆದರೆ ಬೀದಿಯಲ್ಲಿ! ಯಾರೋ ಗಂಡಸು ಮುಖ ತಿರುಗಿಸಿಕೊಂಡು, ಥೂ ಎಂದ.

"ಪರ್ತಿಬಾ, ಗಾಡಿ ತೆಗಿ" ಎಂದು ನನ್ನ ಕಡೆ ತಿರುಗಿದಳು.

ನನ್ನ ಓನರ್ ಮನೆಯ ಮಗು, ನಾನು ಬಾಡಿಗೆಯವಳು. ಒಂದು ಕ್ಷಣ ಅದೂ ಹೊಳೆಯಿತು, ಸುಳ್ಳು ಹೇಳುವುದಿಲ್ಲ. ಆದರೆ ಆ ಬೂದಿ ತುಟಿ ಕಣ್ಣ ಮುಂದೆಯೇ ಇತ್ತು. ಗಾಡಿ ಸ್ಟಾರ್ಟ್ ಮಾಡಿದೆ. ಹಿಂದಿನಿಂದ ವರಲಕ್ಷ್ಮಮ್ಮ, "ಮಗು ಕಳ್ಳಿ! ಹಿಡೀರೋ ಅವಳ್ನ!" ಎಂದು ಕೂಗುವುದು ಕೇಳಿಸಿತು. ಹಿಡಿಯಲು ಯಾರೂ ಬರಲಿಲ್ಲ. ಎಲ್ಲರಿಗೂ ನನ್ನಷ್ಟೇ ದಿಗಿಲು ಬಡಿದಿತ್ತು.

ಕಮ್ಮಗೊಂಡನಹಳ್ಳಿಯ ರಸ್ತೆ ಅಗೆದು ಹಾಕಿದ್ದರು. ಅಗೆದವರ ವಂಶವನ್ನೆಲ್ಲ ಬಯ್ಯುತ್ತಾ ಹಳ್ಳ ತಪ್ಪಿಸಿದೆ. ಹಿಂದೆ ಅಂಜಿನಮ್ಮನ ಮೊಣಕೈ ಒಂದೇ ಸಮ ನನ್ನ ಬೆನ್ನಿಗೆ ತಾಗುತ್ತಿತ್ತು, ಅವಳು ಸೆರಗಿನೊಳಗೆ ಕೈ ಆಡಿಸುತ್ತಲೇ ಇದ್ದಳು. "ಹೆಂಗೈತ್ರೀ ಕೂಸು?" ಎಂದು ಕೇಳಿದೆ. "ಐತೆ, ನೀನ್ ಮುಂದೆ ನೋಡ್ಕೊಂಡು ಓಡ್ಸು" ಎಂದಳು. ಗಂಗಮ್ಮ ಸರ್ಕಲ್‌ನಲ್ಲಿ ಕೆಂಪು ದೀಪ ಬಿತ್ತು, ಎದುರಿಗೆ ಬಸ್ಸು, ನಿಲ್ಲಿಸಲೇಬೇಕಾಯಿತು. ಆಗ ಅವಳು ಹಿಂದಿನಿಂದ ಬೈಗುಳ ಶುರುಮಾಡಿದಳು. "ಏಯ್ ಮುಂಡೇದೇ! ಎದ್ದೇಳೆ! ಆಟ ಆಡ್ತೀಯಾ ನನ್ ತಾವ? ನಿಮ್ಮಜ್ಜೀನೇ ಎದುರ್ಸ್ಕೊಂಡ್ ಬಂದಿವ್ನಿ, ನೀನ್ಯಾವ ಲೆಕ್ಕ!" ಪಕ್ಕದ ಬೈಕಿನವರು ಬಾಯಿ ಬಿಟ್ಟುಕೊಂಡು ನೋಡಿದರು. ಮುದುಕಿಗೆ ತಲೆ ಕೆಟ್ಟಿತು ಎಂದುಕೊಂಡು ನಾನು ಹಾರನ್ ಒತ್ತುತ್ತಾ ಕೂತೆ. ಹಸಿರು ಬಂತು. ಬಿಇಎಲ್ ಸರ್ಕಲ್ ದಾಟಿ ಆಸ್ಪತ್ರೆಯ ಗೇಟಿನೊಳಗೆ ನುಗ್ಗಿಸಿದೆ.

ಅದೇ ಸಿಸ್ಟರ್ ಇದ್ದರು, ಪುಣ್ಯ. ಏನೂ ಕೇಳದೆ ಸೆರಗು ಸರಿಸಿ ಕೂಸನ್ನು ಎತ್ತಿಕೊಂಡು ಒಳಗೆ ಓಡಿದರು. ಬಾಗಿಲು ಮುಚ್ಚಿತು. ನಾವಿಬ್ಬರೂ ಕಾರಿಡಾರಿನಲ್ಲಿ ನಿಂತೆವು. ಅಂಜಿನಮ್ಮನ ಕುಪ್ಪಸದ ಗುಂಡಿಗಳನ್ನು ನಾನೇ ಹಾಕಬೇಕಾಯಿತು, ಅವಳಿಗೆ ಅದರ ಪರಿವೆಯೇ ಇರಲಿಲ್ಲ.

ಆಟೋದಲ್ಲಿ ವರಲಕ್ಷ್ಮಮ್ಮ, ಪದ್ಮಶ್ರೀ ಬಂದರು. ವರಲಕ್ಷ್ಮಮ್ಮನ ಗಂಟಲು ಕೂಗಿ ಕೂಗಿ ಒಡೆದುಹೋಗಿತ್ತು. ಅಂಜಿನಮ್ಮನ ತೋಳು ಹಿಡಿದು ಅಲ್ಲಾಡಿಸುತ್ತಾ, "ಏನಾದ್ರೂ ಆದ್ರೆ ನಿನ್ನ ಸುಮ್ನೆ ಬಿಡ್ತೀನಾ?" ಎಂದು ಅಳಲು ಶುರುಮಾಡಿದರು. ಅಂಜಿನಮ್ಮ ಬಿಡಿಸಿಕೊಳ್ಳಲೂ ಇಲ್ಲ. ಅವಳ ಕಣ್ಣು ಬಾಗಿಲ ಮೇಲೆಯೇ ಇತ್ತು.

ಬಹಳ ಹೊತ್ತಿನ ಮೇಲೆ ಸಿಸ್ಟರ್ ಹೊರಗೆ ಬಂದರು. "ಮೈ ಬೆಚ್ಚಗಾಗಿದೆ. ಉಸಿರಾಟ ಸರಿಯಾಗಿದೆ. ಇನ್ನೂ ಕೆಲವು ದಿನ ಇಲ್ಲೇ ಇರಬೇಕು. ಈಗ ಎದೆ ಮೇಲೆ ಮಲಗಿಸ್ಕೊಂಡು ಬೆನ್ನು ಸವರೋಕೆ ತಾಯಿ ಬೇಕು. ಬನ್ನಿ."

ಪದ್ಮಶ್ರೀ ಎದ್ದಳು. ವರಲಕ್ಷ್ಮಮ್ಮ ಅಡ್ಡ ಬಂದರು. "ತಡಿ! ಕೊಂಡ್ಕೊಂಡೋಳು ವಾಪಸ್ ಕೊಟ್ಟಿಲ್ಲ, ನೀನ್ ಹೆಂಗೆ ಮುಟ್ತೀಯಾ? ಅಂಜಿನಮ್ಮ, ನಿನ್ ಕಾಲಿಗೆ ಬೀಳ್ತೀನಿ, ಆ ಮಾತೊಂದು ಹೇಳಿಬಿಡೆ."

ಅಂಜಿನಮ್ಮ ಹೇಳಲು ಬಾಯಿ ತೆರೆದಳೇನೋ. ಅಷ್ಟರಲ್ಲಿ ಪದ್ಮಶ್ರೀ, ಮದುವೆಯಾಗಿ ಬಂದಾಗಿನಿಂದ ಅತ್ತೆಗೆ ಎದುರು ಉಸಿರೆತ್ತದ ಪದ್ಮಶ್ರೀ, ಕೈಯಲ್ಲಿದ್ದ ಬಳೆಗಳನ್ನು ಹಿಡಿದು ಎಳೆಯುತ್ತಾ ಹೇಳಿದಳು: "ಮಾರಿದ್ದು ನೀವು ಅತ್ತೆ. ನಾನು ನನ್ನ ಮಗೂನ ಯಾರಿಗೂ ಮಾರಿಲ್ಲ."

ಬಳೆ ಸಲೀಸಾಗಿ ಬರಲಿಲ್ಲ, ಎರಡು ಒಡೆದವು. ಕೈಯಲ್ಲಿ ರಕ್ತ ಜಿನುಗಿತು. ಸಿಸ್ಟರ್ ಅವಳನ್ನು ನಲ್ಲಿಯ ಹತ್ತಿರ ಕರೆದುಕೊಂಡು ಹೋದರು. ಗಾಯ ತೊಳೆದು, ಪಟ್ಟಿ ಹಾಕಿ ಒಳಗೆ ಕೂರಿಸಿದರು. ಬಾಗಿಲ ಗಾಜಿನಲ್ಲಿ ನಾವು ನೋಡಿದೆವು. ಪದ್ಮಶ್ರೀಯ ಎದೆಯ ಮೇಲೆ ಕೂಸು, ಕೂಸಿನ ಬೆನ್ನ ಮೇಲೆ ಅವಳ ಅಂಗೈ. ಕೈ ನಡುಗುತ್ತಲೇ ಇತ್ತು, ಆದರೆ ಕತ್ತಿನಿಂದ ಸೊಂಟದವರೆಗೆ ನಿಧಾನವಾಗಿ ಇಳಿಯಿತು, ಮತ್ತೆ ಮೇಲೆ ಹೋಯಿತು. ವರಲಕ್ಷ್ಮಮ್ಮ ಗಾಜಿಗೆ ಹಣೆ ಆನಿಸಿ ನಿಂತವರು ಆಮೇಲೆ ಯಾವ ಶಾಸ್ತ್ರದ ಮಾತೂ ಎತ್ತಲಿಲ್ಲ.

"ನಡಿ, ನನ್ ಕೆಲ್ಸ ಆಯ್ತು" ಎಂದು ಅಂಜಿನಮ್ಮ ಹೊರಟಳು. ಗಾಡಿ ನಿಲ್ಲಿಸಿದ ಕಡೆ ಬಂದೆವು. ನಾನೂ ಹಗುರಾಗಿದ್ದೆ, ನಗು ಬರುತ್ತಿತ್ತು. "ಅಲ್ರೀ, ಸಿಗ್ನಲ್‌ನ್ಯಾಗ ಅಷ್ಟ ಮಂದಿ ಮುಂದ ಯಾರಿಗೆ ಬಯ್ಯಾಕತ್ತಿದ್ರಿ? ನನಗ ನಾಚಿಕಿ ಬಂತು ನೋಡ್ರಿ" ಎಂದೆ.

ಅವಳು ಸೀಟು ಹಿಡಿದುಕೊಂಡು ನಿಂತಳು. "ಅಲ್ಲಿ ಉಸ್ರು ನಿಂತೋಗಿತ್ತು ಕಣವ್ವ" ಎಂದಳು. "ಎದೆ ಮೇಲೆ ಗೊತ್ತಾಯ್ತು. ಬೆನ್ನು ಉಜ್ಜುದ್ರೂ ಇಲ್ಲ, ಅಂಗಾಲು ತಟ್ಟುದ್ರೂ ಇಲ್ಲ. ಬೈದು ಬೈದು ಉಜ್ಜುದ್ಮೇಲೆ ಉಸ್ರು ಎಳ್ಕೊಂತು. ನಿಂಗೆ ಯೋಳಿದ್ರೆ ನೀನು ಗಾಡಿ ಬೀಳುಸ್ತಿದ್ದೆ."

ನನ್ನ ಕೈಯಿಂದ ಕೀ ಜಾರಿ ಕೆಳಗೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದವಳಿಗೆ ಮತ್ತೆ ಏಳಲು ಆಗಲಿಲ್ಲ. ಅಲ್ಲೇ ನೆಲದ ಮೇಲೆ, ಗಾಡಿಯ ಚಕ್ರಕ್ಕೆ ಒರಗಿ ಕೂತುಬಿಟ್ಟೆ.